ಗೋಲಿಬಾರ್‌ಗೆ ಆದೇಶ ಕೊಡುವವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ, ಪೊಲೀಸ್ ಮಹಾನಿರ್ದೇಶಕರೇ, ಜಿಲ್ಲಾಧಿಕಾರಿಗಳೇ, ಮತ್ತು ಬಂದೋಬಸ್ತಿನ ದಿನ ಮೈಕ್ ಹಿಡಿದು ಮುಂದೆ ನಿಲ್ಲುವ ಇನ್‌ಸ್ಪೆಕ್ಟರ್‌ಗಳೇ,

ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿಷೇಧಾಜ್ಞೆ ಜಾರಿಯಲ್ಲಿದೆ ಅಂದುಕೊಳ್ಳಿ. ಹಳೆಯ 144, ಈಗಿನ 163. ಆದರೂ ಒಂದಷ್ಟು ಜನ ಬಂದು ರಸ್ತೆಯ ಮೇಲೆ ಕೂರುತ್ತಾರೆ. ಎದ್ದು ಹೋಗಿ ಅಂದರೆ ಹೋಗುವುದಿಲ್ಲ. ಬಂಧಿಸುತ್ತೇವೆ ಅಂದರೆ ತಾವೇ ವ್ಯಾನ್ ಹತ್ತಲು ತಯಾರು. ಇದು ಅಪರಾಧವೇ? ಹೌದು. ಕೂತವರಿಗೂ ಅದು ಗೊತ್ತು. ಕಾನೂನುಭಂಗ ಚಳವಳಿ ಅಂದರೆ ಅದೇ ಅಲ್ವಾ? ಕದ್ದುಮುಚ್ಚಿ ಮುರಿಯುವುದಲ್ಲ. ಎಲ್ಲರೆದುರು ಮುರಿದು, ಶಿಕ್ಷೆ ಏನಿದೆಯೋ ಕೊಡಿ ಎಂದು ನಿಲ್ಲುವುದು.

ಆ ಶಿಕ್ಷೆ ಎಷ್ಟು? ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್ ತೆಗೆದು ನೋಡಿ. ಸರ್ಕಾರಿ ಅಧಿಕಾರಿಯ ಆದೇಶ ಮೀರಿದರೆ ಹೆಚ್ಚೆಂದರೆ ಆರು ತಿಂಗಳ ಸಾದಾ ಸಜೆ, ಇಲ್ಲವೇ 2,500 ರೂಪಾಯಿ ದಂಡ, ಇಲ್ಲವೇ ಎರಡೂ. ಅದರಿಂದ ಜನರ ಜೀವಕ್ಕೆ ಅಪಾಯ ಆಗುವಂತಿದ್ದರೆ ಒಂದು ವರ್ಷ, 5,000 ರೂಪಾಯಿ. ಅಕ್ರಮ ಕೂಟದಲ್ಲಿ ಸೇರಿದ್ದಕ್ಕೆ 189ನೇ ಸೆಕ್ಷನ್ ಇದೆ, ಅಲ್ಲೂ ಆರು ತಿಂಗಳು. ಗಲಭೆಯೇ ಮಾಡಿದರು ಅನ್ನಿ, 191ರಲ್ಲಿ ಎರಡು ವರ್ಷ. ಮಾರಕಾಸ್ತ್ರ ಹಿಡಿದು ಗಲಭೆ ಮಾಡಿದರೆ ಐದು ವರ್ಷ.

ಶಾಸನಸಭೆಗಳಲ್ಲಿ ಕೂತು, ಅಳೆದು ತೂಗಿ ಬರೆದ ಲೆಕ್ಕ ಇದು. ಇದರಲ್ಲಿ ಎಲ್ಲೂ ಸಾವು ಇಲ್ಲ. ಇನ್ನೊಂದು ಸಾಲನ್ನೂ ನೆನಪಿಸುತ್ತೇನೆ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಬಂಧಿಸುವಾಗ ಎಷ್ಟು ಬಲ ಬಳಸಬಹುದು ಎಂದು ಹೇಳುವ 43ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿದೆ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧದ ಆರೋಪ ಇಲ್ಲದವರನ್ನು ಬಂಧಿಸುವ ನೆಪದಲ್ಲಿ ಕೊಲ್ಲುವ ಹಕ್ಕು ಯಾರಿಗೂ ಇಲ್ಲ. ಒಬ್ಬನೇ ಒಬ್ಬ ಜೇಬುಗಳ್ಳ ಓಡಿಹೋಗುತ್ತಿದ್ದರೆ ನೀವು ಅವನ ಬೆನ್ನಿಗೆ ಗುಂಡು ಹಾರಿಸುವ ಹಾಗಿಲ್ಲ. ಅದೇ ಬೆನ್ನು ಸಾವಿರ ಜನರ ನಡುವೆ ಇದ್ದರೆ ಹಾರಿಸಬಹುದು ಅಂತ ಹೇಗೆ ಆಗುತ್ತದೆ?

ನೀವು ಹೇಳುವುದು ಗೊತ್ತು. ಗುಂಪು ಚದುರಿಸುವುದಕ್ಕೆ ಬೇರೆ ಸೆಕ್ಷನ್ ಇದೆ, 148. ಹೌದು, ಇದೆ. ಮೊದಲು ಚದುರಿ ಎಂದು ಆದೇಶ ಕೊಡಬೇಕು, ಕೇಳದಿದ್ದರೆ ಬಲ ಬಳಸಬಹುದು ಎನ್ನುತ್ತದೆ. ಎಷ್ಟು ಬಲ ಎಂದು ಹೇಳುವುದಿಲ್ಲ. ಆದರೆ ಅದರ ಮುಂದಿನ ಸೆಕ್ಷನ್ ಓದಿ. ಪೊಲೀಸರಿಂದ ಆಗದೆ ಸೇನೆಯನ್ನೇ ಕರೆಸಿದಾಗ, ಸೇನೆಯ ಅಧಿಕಾರಿ ಆದಷ್ಟು ಕಡಿಮೆ ಬಲ ಬಳಸಬೇಕು, ಜನಕ್ಕೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ ಮಾಡಬೇಕು ಎಂದು ಅಲ್ಲಿ ಬರೆದಿದೆ. ಯುದ್ಧಕ್ಕೆ ತಯಾರಾದ ಸೈನಿಕನಿಗೆ ಹಾಕಿರುವ ಕಡಿವಾಣ ನಿಮ್ಮ ಕಾನ್‌ಸ್ಟೆಬಲ್‌ಗೆ ಇಲ್ಲ ಎಂದು ವಾದಿಸಲು ನಿಮಗೇ ನಾಚಿಕೆಯಾಗಬೇಕು.

ಗುಂಡಿಗೆ ಉಳಿಯುವ ಸಮರ್ಥನೆ ಒಂದೇ. ಆ ಕ್ಷಣದಲ್ಲಿ ಒಬ್ಬರ ಜೀವ ಹೋಗುವುದರಲ್ಲಿತ್ತು, ಅದನ್ನು ಉಳಿಸಲು ಬೇರೆ ದಾರಿಯೇ ಇರಲಿಲ್ಲ. ಪೊಲೀಸರು ಬಲ, ಬಂದೂಕು ಬಳಸುವ ಬಗ್ಗೆ ವಿಶ್ವಸಂಸ್ಥೆಯ 1990ರ ಮೂಲ ತತ್ವಗಳು ಹೇಳುವುದೂ ಇದನ್ನೇ. ಹವಾನಾದಲ್ಲಿ ಒಪ್ಪಿದ ಆ ತತ್ವಗಳ ಪ್ರಕಾರ, ಸಭೆ ಕಾನೂನುಬಾಹಿರವೇ ಆಗಿದ್ದರೂ ಹಿಂಸೆ ಇಲ್ಲದಿದ್ದರೆ ಬಲವನ್ನೇ ಬಳಸಬಾರದು, ಅನಿವಾರ್ಯವಾದರೆ ಕನಿಷ್ಠ. 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಿಂಸೆ ಇಲ್ಲದ ಸಾಮೂಹಿಕ ಕಾನೂನುಭಂಗಕ್ಕೂ ಶಾಂತಿಯುತವಾಗಿ ಸೇರುವ ಹಕ್ಕಿನ ರಕ್ಷಣೆ ಸಿಗಬಹುದು ಎಂದಿತು. ಸುಮ್ನೆ ಗುಂಪು ಚದುರಿಸುವುದಕ್ಕೆ ಬಂದೂಕು ಬಳಸಲೇಬಾರದು ಎಂದೂ ಹೇಳಿತು. ಸಮಿತಿ ಹೀಗೆ ವಿವರಿಸಿದ್ದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು. ಅದಕ್ಕೆ ಭಾರತ 1979ರಲ್ಲೇ ಸೇರಿದೆ.

ಕಾನೂನಿನ ಮಾತು ಇಷ್ಟು ಸಾಕು. ನಾನು ಈ ಪತ್ರ ಬರೆದಿದ್ದು ಬೇರೆ ಒಂದು ಕಾರಣಕ್ಕೆ.

ಗೋಲಿಬಾರ್ ಆದ ಮೇಲೆ ನಿಮ್ಮ ಕಡೆಯಿಂದ ಬರುವ ಹೇಳಿಕೆ ಯಾವಾಗಲೂ ಆ ಕೊನೆಯ ಒಂದೆರಡು ನಿಮಿಷದ ಬಗ್ಗೆ ಇರುತ್ತದೆ. ಕಲ್ಲು ಬಿತ್ತು, ಪರಿಸ್ಥಿತಿ ಕೈಮೀರಿತು, ಬೇರೆ ದಾರಿ ಇರಲಿಲ್ಲ. ನಾವೂ ಟಿವಿ ಮುಂದೆ ಕೂತು ಅದೇ ಎರಡು ನಿಮಿಷದ ಬಗ್ಗೆ ಜಗಳ ಆಡುತ್ತೇವೆ. ಆದರೆ ನಾನು ಓದಿದ ಮಟ್ಟಿಗೆ, ಬಹುತೇಕ ಗೋಲಿಬಾರ್‌ಗಳು ತೀರ್ಮಾನವಾಗುವುದು ಹಿಂದಿನ ರಾತ್ರಿ. ಯಾರನ್ನು ಕಳಿಸಬೇಕು, ಅವರ ಕೈಗೆ ಏನು ಕೊಡಬೇಕು, ಜನರ ಜೊತೆ ಯಾರು ಮಾತಾಡಬೇಕು ಅಥವಾ ಯಾರೂ ಮಾತಾಡುವುದು ಬೇಡ ಎಂದು ಬರೆದುಕೊಳ್ಳುವಾಗ.

ದಕ್ಷಿಣ ಆಫ್ರಿಕಾದ ಮಾರಿಕಾನಾ ನೋಡಿ. 2012ರ ಆಗಸ್ಟ್‌ನಲ್ಲಿ ಅಲ್ಲಿನ ಪ್ಲಾಟಿನಂ ಗಣಿಯ ಕಾರ್ಮಿಕರು ಮುಷ್ಕರ ಹೂಡಿ ಒಂದು ಗುಡ್ಡದ ಮೇಲೆ ಕೂತಿದ್ದರು. ಅದು ಪೂರ್ತಿ ಶಾಂತಿಯುತವಾಗಿತ್ತು ಎಂದು ನಾನು ಹೇಳುವುದಿಲ್ಲ. ಕೈಯಲ್ಲಿ ಭರ್ಜಿ, ಮಚ್ಚುಗಳಿದ್ದವು. ಆ ವಾರ ಅದಾಗಲೇ ಹತ್ತು ಜನ ಸತ್ತಿದ್ದರು, ಅವರಲ್ಲಿ ಇಬ್ಬರು ಪೊಲೀಸರು. ಪೊಲೀಸರಿಗೆ ಸಿಟ್ಟೂ ಇತ್ತು, ಭಯವೂ ಇತ್ತು. ಆಗಸ್ಟ್ 15ರ ರಾತ್ರಿ ಹಿರಿಯ ಅಧಿಕಾರಿಗಳು ಸಭೆ ಸೇರಿ, ನಾಳೆ ಇದನ್ನು ಮುಗಿಸಬೇಕು ಎಂದು ತೀರ್ಮಾನಿಸಿದರು. 16ರ ಬೆಳಿಗ್ಗೆ 4,000 ಸುತ್ತು ಗುಂಡು ತರಿಸಲು ಹೇಳಿದರು. ಜೊತೆಗೆ ಶವಾಗಾರದ ನಾಲ್ಕು ವಾಹನಗಳನ್ನೂ ಹೇಳಿದರು. ಒಂದೊಂದರಲ್ಲಿ ಎಂಟು ಹೆಣ ಹಿಡಿಯುತ್ತದೆ.

ಸಂಜೆ ಹೊತ್ತಿಗೆ 34 ಜನ ಸತ್ತಿದ್ದರು. ಬೆಳಿಗ್ಗೆ ಕೇಳಿದ್ದ ವಾಹನಗಳಲ್ಲಿ 32 ಹೆಣಕ್ಕೆ ಜಾಗ ಇತ್ತು.

ಇದು ಯಾರೋ ಚಳವಳಿಗಾರರು ಕಟ್ಟಿದ ಕತೆಯಲ್ಲ, ಆ ದೇಶದ ಸರ್ಕಾರವೇ ನೇಮಿಸಿದ ವಿಚಾರಣಾ ಆಯೋಗದ ಮುಂದೆ ಬಂದ ಸಾಕ್ಷ್ಯ. ಹೆಣದ ಗಾಡಿಗೆ ಬೆಳಿಗ್ಗೆಯೇ ಫೋನ್ ಹೋಗಿದ್ದರೆ, ಮಧ್ಯಾಹ್ನ ಪರಿಸ್ಥಿತಿ ಕೈಮೀರಿತು ಎಂಬ ಮಾತನ್ನು ಯಾರು ನಂಬಬೇಕು?

ನಮ್ಮ ಪಕ್ಕದ ತಮಿಳುನಾಡಿನ ತೂತ್ತುಕುಡಿಗೆ ಬನ್ನಿ. 2018ರ ಮೇ 22. ತಾಮ್ರದ ಕಾರ್ಖಾನೆ ಮುಚ್ಚಬೇಕೆಂಬ ಹೋರಾಟಕ್ಕೆ ಅಂದು ನೂರನೇ ದಿನ. ನಿಷೇಧಾಜ್ಞೆ ಇದ್ದರೂ ಜನ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೊರಟರು. ನೂರನೇ ದಿನ ಜನ ಜಾಸ್ತಿ ಸೇರುತ್ತಾರೆ ಎಂದು ತಿಳಿಯಲು ಗುಪ್ತಚರ ವಿಭಾಗವೇನೂ ಬೇಕಿರಲಿಲ್ಲ. ಆದರೆ ಆ ದಿನ ಜಿಲ್ಲಾಧಿಕಾರಿಯೇ ಊರಲ್ಲಿರಲಿಲ್ಲ. ಕಲ್ಲು ತೂರಾಟ ಆಯಿತು, ವಾಹನ ಸುಟ್ಟವು, ನಿಜ. ಆಮೇಲೆ ಗೋಲಿಬಾರ್. 13 ಜನ ಸತ್ತರು. ಮಾಮೂಲಿ ಬಟ್ಟೆ ತೊಟ್ಟ ಒಬ್ಬ ಪೊಲೀಸ್ ವ್ಯಾನಿನ ಮೇಲೆ ಹತ್ತಿ, ಮಲಗಿಕೊಂಡು ಗುರಿ ಹಿಡಿಯುವ ವಿಡಿಯೋವನ್ನು ಇಡೀ ದೇಶ ನೋಡಿತು. ಎದುರಿಗೆ ಬಂದವರಿಂದ ಜೀವ ಉಳಿಸಿಕೊಳ್ಳುವವನು ಎತ್ತರ ಹುಡುಕಿಕೊಂಡು ಹೋಗಿ ಮಲಗುತ್ತಾನೆಯೇ? ನಿವೃತ್ತ ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗದ ವರದಿ 2022ರಲ್ಲಿ ವಿಧಾನಸಭೆಗೆ ಬಂತು. ಓಡಿಹೋಗುತ್ತಿದ್ದವರ ಮೇಲೂ ಗುಂಡು ಹಾರಿಸಿದ್ದಾರೆ, ಪ್ರಚೋದನೆ ಇಲ್ಲದೆಯೇ ಹಾರಿಸಿದ್ದಾರೆ ಎಂದಿತು.

ಇನ್ನೊಂದು ವಿಷಯ. ಆ ದಿನ ಗೋಲಿಬಾರ್‌ಗೆ ಆದೇಶ ಕೊಟ್ಟವರು ಎಂದು ಕಾಗದದಲ್ಲಿ ಕಾಣಿಸಿಕೊಂಡದ್ದು ಉಪ ತಹಶೀಲ್ದಾರ್‌ಗಳ ಹೆಸರು. ಡಿಐಜಿ, ಎಸ್‌ಪಿ, ಜಿಲ್ಲಾಧಿಕಾರಿ ಎಲ್ಲ ಇರುವ ಜಿಲ್ಲೆಯಲ್ಲಿ! ದೊಡ್ಡವರು ಯೋಜನೆ ಹಾಕುತ್ತಾರೆ, ಚಿಕ್ಕವರು ಸಹಿ ಹಾಕುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮಗೊಂದು ಹಳೆಯ ಪತ್ರದ ವಿಷಯ ಹೇಳಬೇಕು. ಬರೆದವರು ಕಪ್ಪು ಜನರ ಹೋರಾಟದ ನಾಯಕ ರಾಬರ್ಟ್ ಸೊಬುಕ್ವೆ, 1960ರ ಮಾರ್ಚ್‌ನಲ್ಲಿ. ಬರೆದದ್ದು ದಕ್ಷಿಣ ಆಫ್ರಿಕಾದ ಪೊಲೀಸ್ ಮುಖ್ಯಸ್ಥರಿಗೆ. ಆಗ ಅಲ್ಲಿ ಕಪ್ಪು ಜನ ಎಲ್ಲಿಗೆ ಹೋದರೂ ಪಾಸ್ ಪುಸ್ತಕ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಜೈಲು. ಸೊಬುಕ್ವೆಯವರ ಯೋಜನೆ ತುಂಬ ಸರಳ. ಎಲ್ಲರೂ ಪಾಸನ್ನು ಮನೆಯಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ಹೋಗುವುದು, ನಮ್ಮನ್ನು ಬಂಧಿಸಿ ಎನ್ನುವುದು. ಇದನ್ನೆಲ್ಲ ಮುಂಚೆಯೇ ಪೊಲೀಸರಿಗೆ ತಿಳಿಸಿದರು. ನಾವು ಹಿಂಸೆಗೆ ಇಳಿಯುವುದಿಲ್ಲ, ಬಂಧನಕ್ಕೆ ಒಪ್ಪಿಸಿಕೊಳ್ಳುತ್ತೇವೆ, ಚದುರಿ ಎಂದರೆ ಚದುರುತ್ತೇವೆ ಎಂದು ಬರೆದರು. ಒಂದೇ ಒಂದು ಕೋರಿಕೆ ಇಟ್ಟರು: ಪಾಲಿಸಲಾಗದ ಆದೇಶ ಕೊಡಬೇಡಿ. ಅಧಿಕಾರಿ ಬಾಯೊಳಗೇ ಗೊಣಗಿ ಮೂರು ನಿಮಿಷದಲ್ಲಿ ಚದುರಿ ಎಂದರೆ, ಸಾವಿರಾರು ಜನ ಮೂರು ನಿಮಿಷದಲ್ಲಿ ಹೋಗುವುದು ಹೇಗೆ?

ಮಾರ್ಚ್ 21ರಂದು ಶಾರ್ಪ್‌ವಿಲ್ ಠಾಣೆಯ ಬೇಲಿಯ ಹೊರಗೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲೇ 69 ಜನ ಸತ್ತರು. ಬಹಳ ಜನರಿಗೆ ಗುಂಡು ಬಿದ್ದಿದ್ದು ಬೆನ್ನಿಗೆ. ಸೊಬುಕ್ವೆ ಅದೇ ದಿನ ಬೇರೊಂದು ಠಾಣೆಗೆ ಹೋಗಿ ಬಂಧನಕ್ಕೆ ಒಪ್ಪಿಸಿಕೊಂಡಿದ್ದರು. ಅವರಿಗೆ ಮೂರು ವರ್ಷ ಶಿಕ್ಷೆಯಾಯಿತು.

ಆ ಪತ್ರದ ಕೋರಿಕೆ ಇವತ್ತಿಗೂ ಹಾಗೇ ಇದೆ. ಜೀಪಿನ ಮೇಲಿನ ಮೈಕಿನಿಂದ ಬಂದ ಎಚ್ಚರಿಕೆ ಮುಂದಿನ ನಾಲ್ಕು ಸಾಲಿಗೆ ಕೇಳಿಸುತ್ತದೆ. ಘೋಷಣೆ ಕೂಗುತ್ತಿರುವ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಮುಂದಿನವರು ಹಿಂದೆ ಸರಿಯಲು ನೋಡಿದರೆ ಹಿಂದಿನವರು ಇನ್ನೂ ಮುಂದೆ ತಳ್ಳುತ್ತಿರುತ್ತಾರೆ. ಆ ಕಡೆಯ ರಸ್ತೆಗೆ ನೀವೇ ಬ್ಯಾರಿಕೇಡ್ ಹಾಕಿರುತ್ತೀರಿ. ಹೊರಗೆ ಹೋಗುವ ದಾರಿ ಮುಚ್ಚಿ, ಹೊರಗೆ ಹೋಗಿ ಅನ್ನುವುದು. ಕಾನೂನು ಆದೇಶ ಕೊಡಬೇಕು ಎನ್ನುತ್ತದೆ, ಎಷ್ಟು ಹೊತ್ತು ಕೊಡಬೇಕು ಎನ್ನುವುದಿಲ್ಲ. ಆ ಹೊತ್ತು ಪೂರ್ತಿ ನಿಮ್ಮ ಕೈಯಲ್ಲಿದೆ.

ಹೊತ್ತು ಕೊಡದವರಲ್ಲಿ ಎಲ್ಲರಿಗಿಂತ ಕುಖ್ಯಾತ ಜನರಲ್ ಡಯರ್. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಸಭೆ ನಿಷೇಧಿಸಿದ್ದ, ಜನ ಸೇರಿದ್ದರು. ಎಚ್ಚರಿಕೆಯನ್ನೇ ಕೊಡದೆ 1,650 ಸುತ್ತು ಹಾರಿಸಿದ. ಸರ್ಕಾರಿ ಲೆಕ್ಕದಲ್ಲಿ 379 ಸಾವು. ಇದೆಲ್ಲ ಶಾಲೆಯ ಪುಸ್ತಕದಲ್ಲೇ ಇದೆ. ಆದರೆ ಅವನು ಇದರ ತನಿಖೆ ನಡೆಸಿದ ಹಂಟರ್ ಸಮಿತಿಯ ಮುಂದೆ ಹೇಳಿದ ಒಂದು ಮಾತು ನನಗೆ ಆ ಸಂಖ್ಯೆಗಳಿಗಿಂತ ಜಾಸ್ತಿ ಕಾಡುತ್ತದೆ. ಗುಂಡು ಹಾರಿಸದೆಯೂ ಆ ಜನರನ್ನು ಚದುರಿಸಬಹುದಿತ್ತು, ಆದರೆ ಅವರು ಮತ್ತೆ ಬಂದು ನಗುತ್ತಿದ್ದರು, ನಾನು ಮೂರ್ಖನಾಗುತ್ತಿದ್ದೆ ಎಂದ. ಅವನು ಹೆದರಿದ್ದು ಕಲ್ಲಿಗಲ್ಲ, ನಗುವಿಗೆ.

ಸಿಟ್ಟಾಗಬೇಡಿ, ನಿಮ್ಮನ್ನು ಡಯರ್‌ಗೆ ಹೋಲಿಸುತ್ತಿಲ್ಲ. ಆದರೆ ಮೇಲಧಿಕಾರಿಯ ಫೋನ್ ಬಂದಿದೆ, ಮಂತ್ರಿಯ ಕಾರು ಬರುವ ಹೊತ್ತಾಗಿದೆ, ಜನ ಮಾತ್ರ ಏಳುತ್ತಿಲ್ಲ. ಆಗ ಮರ್ಯಾದೆಯ ಪ್ರಶ್ನೆ ತಲೆಯೊಳಗೆ ಬರುವುದಿಲ್ಲ ಎಂದು ಎದೆ ಮುಟ್ಟಿ ಹೇಳಿ ನೋಡೋಣ. ಸುಮ್ಮನೆ ಕೂತ ಜನ ಯಾರ ಜೀವಕ್ಕೂ ಅಪಾಯ ತರುವುದಿಲ್ಲ. ನಿಮ್ಮ ಮಾತು ನಡೆಯಲಿಲ್ಲ ಎಂದು ಊರಿಗೆಲ್ಲ ತೋರಿಸುತ್ತಾರೆ, ಅಷ್ಟೇ.

ಪೊಲೀಸರ ಕಷ್ಟ ನಿನಗೇನು ಗೊತ್ತು ಎಂದು ಕೇಳಬಹುದು. ಕೇಳಬೇಕಾದ್ದೇ. ಬೆಳಗಿನ ಜಾವಕ್ಕೆ ಬಂದು ನಿಂತ ಕಾನ್‌ಸ್ಟೆಬಲ್‌ಗೆ ಊಟ ಯಾವಾಗ ಎಂದು ಯಾರೂ ಹೇಳಿರುವುದಿಲ್ಲ. ಮಹಿಳಾ ಸಿಬ್ಬಂದಿಗೆ ಶೌಚಾಲಯ ಎಲ್ಲಿ ಎಂದು ಬಂದೋಬಸ್ತ್ ಹಾಳೆಯಲ್ಲಿ ಬರೆದಿರುವುದಿಲ್ಲ. ಗುಂಪೂ ಕ್ರೂರವಾಗಬಹುದು. 1922ರ ಫೆಬ್ರವರಿ 4ರಂದು ಚೌರಿ ಚೌರಾದಲ್ಲಿ ಪೊಲೀಸರು ಗುಂಡು ಹಾರಿಸಿದರು, ಗುಂಡು ಮುಗಿದಾಗ ಠಾಣೆಯೊಳಗೆ ಸೇರಿಕೊಂಡರು, ಗುಂಪು ಠಾಣೆಗೇ ಬೆಂಕಿ ಇಟ್ಟಿತು. 20ಕ್ಕೂ ಹೆಚ್ಚು ಪೊಲೀಸರು ಸತ್ತರು. ಅದನ್ನು ನೋಡಿ ಗಾಂಧೀಜಿ ಇಡೀ ದೇಶದ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಸಂಗಡಿಗರೆಲ್ಲ ಬೇಸರ ಮಾಡಿಕೊಂಡರೂ ಬಗ್ಗಲಿಲ್ಲ. ಕಾನೂನುಭಂಗ ಮಾಡುವವರಿಂದ ನೀವು ಅಷ್ಟು ಶಿಸ್ತು ಕೇಳಿ, ತಪ್ಪಿಲ್ಲ. ನಾವೂ ಕೇಳುತ್ತೇವೆ. ಆದರೆ ಅವರಲ್ಲಿ ಹತ್ತು ಜನ ಕಲ್ಲು ಎಸೆದರೆ ಹನ್ನೊಂದನೆಯವನು ಕೂತವನೇ. ಅವನ ಮೇಲೆ ಆ ಹತ್ತು ಜನರ ಲೆಕ್ಕ ತೀರಿಸುವ ಹಾಗಿಲ್ಲ.

ಗಾಳಿಯಲ್ಲಿ ಗುಂಡು ಹಾರಿಸಿದೆವು ಎನ್ನುವ ಸಮಜಾಯಿಷಿಯೂ ಬೇಡ. ಗಾಳಿಯಲ್ಲಿ ಹಾರಿದ್ದು ಎಲ್ಲೋ ಒಂದು ಕಡೆ ಬೀಳಲೇಬೇಕು. ಎಸ್‌ಎಲ್‌ಆರ್, ಇನ್ಸಾಸ್ ಎಲ್ಲ ಸೈನ್ಯಕ್ಕೆಂದು ಮಾಡಿದ ರೈಫಲ್‌ಗಳು. ಅವುಗಳ ಗುಂಡು ಒಬ್ಬನ ಮೈ ತೂರಿ ಹಿಂದಿನವನಿಗೂ ತಗಲಬಲ್ಲದು. ಜನಸಂದಣಿ ಇರುವ ರಸ್ತೆಗೆ ಅಂಥ ಆಯುಧ ಯಾಕೆ ಬರಬೇಕು? ಪೆಲೆಟ್ ಗನ್, ಅಶ್ರುವಾಯು ಶೆಲ್ ಮಾರಕವಲ್ಲ ಎನ್ನುತ್ತೀರಿ. ಕಾಶ್ಮೀರದಲ್ಲಿ 2016ರಲ್ಲಿ ಪೆಲೆಟ್‌ಗಳಿಂದ ಕಣ್ಣು ಕಳೆದುಕೊಂಡವರನ್ನು ಕೇಳಿ. ಶೆಲ್ಲನ್ನು ನೇರ ತಲೆಗೆ ಹಾರಿಸಿದರೆ ಅದೂ ಗುಂಡೇ.

ಮೇಲಿನವರು ಹೇಳಿದರು, ನಾವು ಮಾಡಿದೆವು ಎನ್ನುವ ಕೆಳಗಿನ ಸಿಬ್ಬಂದಿಗೆ ಎರಡು ಮಾತು. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ಗಢವಾಲ್ ರೈಫಲ್ಸ್‌ನ ಹವಾಲ್ದಾರ್ ಚಂದ್ರಸಿಂಗ್ ಮತ್ತು ಅವರ ಜೊತೆಗಾರರು ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಎದುರಿಗಿದ್ದವರು ಪಠಾಣರು, ಇವರು ಗುಡ್ಡಗಾಡಿನ ಹಿಂದೂಗಳು. ಚಂದ್ರಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು, ವರ್ಷಗಟ್ಟಲೆ ಜೈಲಿನಲ್ಲಿದ್ದರು. ಇವತ್ತಿನ ಕಾನ್‌ಸ್ಟೆಬಲ್ ಅಷ್ಟು ದೊಡ್ಡ ಬೆಲೆ ಕೊಡಬೇಕಾಗಿಲ್ಲ. ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಕಾನೂನುಬಾಹಿರವಾದ ಆದೇಶ ಪಾಲಿಸಿ, ಆಮೇಲೆ ಮೇಲಿನವರು ಹೇಳಿದ್ದು ಎಂದರೆ ತಪ್ಪಿಸಿಕೊಳ್ಳಲಾಗದು ಎಂದು ಅದೇ 1990ರ ತತ್ವಗಳು ಹೇಳುತ್ತವೆ. ಆಗುವುದಿಲ್ಲ ಎಂದವರಿಗೆ ಶಿಕ್ಷೆ ಆಗಬಾರದು ಎಂದೂ ಹೇಳುತ್ತವೆ. ಈ ಎರಡನೆಯ ಮಾತನ್ನು ನಿಮ್ಮ ತರಬೇತಿ ಶಾಲೆಗಳಲ್ಲಿ ಎಷ್ಟು ಗಂಟೆ ಕಲಿಸುತ್ತೀರಿ?

ಗುಂಡಿನಿಂದ ಚಳವಳಿ ಮುಗಿಯುತ್ತದೆ ಎಂಬ ನಂಬಿಕೆ ಇನ್ನೂ ಇದ್ದರೆ ನಮ್ಮದೇ ಚರಿತ್ರೆ ನೋಡಿ, ಜಾಸ್ತಿ ಹೇಳುವುದಿಲ್ಲ. 1938ರಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಬಾರದು ಎಂದು ಜನರನ್ನು ಕೊಂದರು, ಅದೇ ವರ್ಷ ಸಂಸ್ಥಾನ ಆ ಧ್ವಜಕ್ಕೆ ಒಪ್ಪಬೇಕಾಯಿತು. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು, ರೈತ ಚಳವಳಿ ರಾಜ್ಯದ ತುಂಬ ಹಬ್ಬಿತು.

ನನ್ನ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಯಾವುದೇ ಧರಣಿ, ಮೆರವಣಿಗೆ, ಜೈಲ್ ಭರೋ ಬಂದಾಗ, ಹಿಂದಿನ ದಿನವೇ ಬಂದೋಬಸ್ತ್ ಆದೇಶದಲ್ಲಿ ಬರೆದಿಡಿ. ರೈಫಲ್ ಯಾರ ಹತ್ತಿರ ಇರುತ್ತದೆ, ಅವರು ಎಲ್ಲಿ ನಿಲ್ಲುತ್ತಾರೆ. ಜನರ ಎದುರಿನ ಮೊದಲ ಸಾಲಿನಲ್ಲಿ ಒಂದೂ ಬೇಡ. ಗುಂಡಿನ ಆದೇಶ ಕೊಡುವ ಅಧಿಕಾರ ಯಾರದು, ಆ ಹಿರಿಯ ಅಧಿಕಾರಿಯ ಹೆಸರೇ ಇರಲಿ, ಉಪ ತಹಶೀಲ್ದಾರರದ್ದಲ್ಲ. ಚದುರಲು ಯಾವ ರಸ್ತೆ ತೆರೆದಿರುತ್ತದೆ, ಎಷ್ಟು ಹೊತ್ತು ಕೊಡುತ್ತೀರಿ. ಜನರ ಜೊತೆ ಮಾತಾಡಲು ಯಾರು ಇರುತ್ತಾರೆ. ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಬಿದ್ದವರನ್ನು ಎತ್ತಿಕೊಂಡು ಹೋಗುವವರನ್ನು ಯಾರೂ ತಡೆಯಬಾರದು. ಎಲ್ಲ ಕ್ಯಾಮೆರಾ ಚಾಲೂ ಇರಲಿ, ಆ ದಿನ ಕೆಟ್ಟಿತ್ತು ಎನ್ನುವ ಉತ್ತರ ಬೇಡ.

ಇನ್ನು ಸಾವು ಆದ ಮೇಲಿನದು. ಗುಂಪು ಚದುರಿಸುವಾಗ ಮಾಡಿದ ಕೃತ್ಯಕ್ಕೆ ಪೊಲೀಸ್ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ನಾಗರಿಕ ಸುರಕ್ಷಾ ಸಂಹಿತೆಯ 151ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ ಅನುಮತಿ ಬೇಕು. ಪರಿಹಾರದ ಚೆಕ್ ಒಂದು ವಾರದಲ್ಲಿ ಬರುತ್ತದೆ, ಆಯೋಗದ ವರದಿ ನಾಲ್ಕು ವರ್ಷಕ್ಕೆ ಬರುತ್ತದೆ, ಈ ಅನುಮತಿಯ ಕಡತಕ್ಕೆ ಮಾತ್ರ ಗಡುವೇ ಇಲ್ಲ. ವಿಚಿತ್ರ ನೋಡಿ, ಅದೇ ಸಂಹಿತೆಯ 218ನೇ ಸೆಕ್ಷನ್ನಿನಲ್ಲಿ ಸರ್ಕಾರಿ ನೌಕರರ ಮೇಲಿನ ಬೇರೆ ಮೊಕದ್ದಮೆಗಳಿಗೆ ಅನುಮತಿ ಕೇಳಿದರೆ 120 ದಿನದಲ್ಲಿ ತೀರ್ಮಾನಿಸಬೇಕು, ಇಲ್ಲದಿದ್ದರೆ ಅನುಮತಿ ಸಿಕ್ಕಿದಂತೆಯೇ ಎಂದು ಬರೆದಿದೆ. ಗುಂಡಿಗೆ ಸತ್ತವರ ಕಡತಕ್ಕೆ ಆ ಸಾಲು ಯಾಕಿಲ್ಲ? ಅದು ದೆಹಲಿಯಲ್ಲಿ ಮಾಡಿದ ಕಾನೂನು ಎಂದು ಹೇಳಬೇಡಿ. ಈ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯವೂ ತಿದ್ದುಪಡಿ ತರಬಹುದು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೇಕು, ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಅಲ್ಲಿಯವರೆಗೆ ನಿಮ್ಮ ಮೇಜಿಗೆ ಬಂದ ಕಡತದ ಮೇಲೆ 120 ದಿನದೊಳಗೆ ಕೊಟ್ಟಿದೆ ಅಥವಾ ಕೊಟ್ಟಿಲ್ಲ, ಯಾಕೆ ಎಂದು ಬರೆಯಲು ಯಾವ ತಿದ್ದುಪಡಿಯೂ ಬೇಕಿಲ್ಲ. ಆ ಕಾಗದದ ಒಂದು ಪ್ರತಿಯನ್ನು ಸತ್ತವರ ಮನೆಗೂ ಕಳಿಸಿ.

ಇತಿ,
ನಿಮ್ಮ ರಾಜ್ಯದ ಒಬ್ಬ ಮತದಾರ